ಮರಿ ಕಾಯುವ ಮಡೆಂಜಿ

ಮರಾಠಿ ಸೀಮೆಯ ಠಾಕುರ್ಲಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಮೀನು ಮಾರುವವಳು "ಮರಳ್, ಮರಳ್" ಎಂದು ಕೂಗಿದರೆ ನಾನು ಮೂಗು ಮುರಿದು ಮುಂದೆ ಹೋಗುತ್ತಿದ್ದೆ. ಮೀನಿನೊಳಗೆ ಮರಳಿದೆ ಎಂದು ತಾನೇ ಕೂಗಿ ಹೇಳುತ್ತಾಳಲ್ಲ, ಎಂಥಾ ಸತ್ಯವಂತೆ ಎಂದುಕೊಂಡಿದ್ದೆ. ಒಮ್ಮೆ ಬುಟ್ಟಿಗೆ ಇಣುಕಿದಾಗ ಕಂಡಿದ್ದು ನಮ್ಮೂರ ಗದ್ದೆಯ ಮಡೆಂಜಿ. ಹಾವಿನಂಥ ತಲೆ, ಕಪ್ಪು ಬೆನ್ನು. ಮರಾಠಿಯಲ್ಲಿ ಅದರ ಹೆಸರು ಮರಳ್, ಅಷ್ಟೇ.

ಈ ಮಳೆಗಾಲದಲ್ಲಿ ಮಗಳು ಐದು ತಿಂಗಳ ಬಸಿರು ಕಳೆದುಕೊಂಡು ಕಾಮೋಠೆಯ ಗಂಡನ ಮನೆಯಿಂದ ನಮ್ಮಲ್ಲಿಗೆ ಬಂದಳು. ಅಳಲಿಲ್ಲ, ಮಾತಾಡಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. "ಇನ್ನೂ ವಯಸ್ಸಿದೆ ಬಿಡು" ಎಂದು ಸಮಾಧಾನ ಹೇಳಲು ಬಂದ ಹೆಂಗಸರನ್ನು ಹೊರಗೆ ದಬ್ಬಬೇಕೆನಿಸುತ್ತಿತ್ತು ನನಗೆ. ಬಾಣಂತಿಗೆ ಮಡೆಂಜಿ ಸಾರು ಕೊಡುವುದು ನಮ್ಮ ಮನೆಯ ಪದ್ಧತಿ. ತೊಟ್ಟಿಲಿಲ್ಲದಿದ್ದರೂ ಅವಳು ಬಾಣಂತಿಯೇ. ಶಹಾಡ್‌ನ ಮೀನು ಪೇಟೆಗೆ ಹೋಗಿ ಜೀವಂತ ಮೀನು ತಂದು ಬಕೆಟ್ಟಿಗೆ ಬಿಟ್ಟೆ.

ಅವಳು ಬಂದು ಪಕ್ಕದಲ್ಲಿ ಕುಳಿತಳು. ಮೀನು ಮತ್ತೆ ಮತ್ತೆ ಮೇಲೆ ಬಂದು ಬಾಯಿ ತೆರೆಯುತ್ತಿತ್ತು.

"ಯೇ ಕ್ಯಾ ಕರ್ ರಹಾ ಹೈ?" ಎಂದಳು. ಇಲ್ಲೇ ಹುಟ್ಟಿ ಬೆಳೆದವಳು, ನಾನು ಯಾವ ಭಾಷೆಯಲ್ಲಿ ಮಾತಾಡಿದರೂ ಅವಳ ಉತ್ತರ ಹಿಂದಿಯಲ್ಲೇ. ಆದರೂ ತಾನಾಗಿ ಮಾತಾಡಿದಳಲ್ಲ ಎಂದು ನನಗೆ ಜೀವ ಬಂದಂತಾಯಿತು.

"ಗಾಳಿ ತಗೊಳ್ತದೆ ಮಗಾ. ನೀರಲ್ಲೇ ಇದ್ರೂ ಇದಕ್ಕೆ ಮೇಲಿನ ಗಾಳಿ ಬೇಕು. ಇಲ್ಲದಿದ್ರೆ ಉಸಿರು ಕಟ್ತದೆ."

ಅವಳು ಕೇಳುತ್ತಿದ್ದಾಳೆಂದು ನಾನು ಹೇಳುತ್ತಲೇ ಹೋದೆ. ನೀರು ಬತ್ತಿದರೆ ಮಡೆಂಜಿ ಕೆಸರಿನೊಳಗೆ ಹೂತುಕೊಂಡು ಮಳೆಗೆ ಕಾಯುತ್ತದೆ. ಮಳೆ ಬಂದಾಗ ಜೊಂಡು ಸರಿಸಿ ಜಾಗ ಮಾಡಿ ಮೊಟ್ಟೆ ಇಡುತ್ತದೆ, ಮೊಟ್ಟೆಗಳು ಮೇಲೆಯೇ ತೇಲುತ್ತವೆ. ಕೆಂಪು ಮರಿಗಳು ಗುಂಪಾಗಿ ಈಜುವಾಗ ತಂದೆತಾಯಿ ಕೆಳಗೇ ಕಾವಲಿರುತ್ತವೆ. ಆ ಕೆಂಪು ಕಂಡಲ್ಲೇ ಗಾಳ ಹಾಕುತ್ತಾರೆ. ಇದನ್ನೂ ಹಾಗೇ ಹಿಡಿದದ್ದೆಂದು ಮಾರುವವಳು ಹೇಳಿದ್ದಳು. ಅದನ್ನೂ ಹೇಳಿಬಿಟ್ಟೆ.

"ಭೂಖ್ ಲಗೀ ಥೀ ಇಸ್ಕೋ?"

"ಹಸಿವಿಗಲ್ಲ ಮಗಾ. ಮರಿಗಳ ಹತ್ತಿರ ಏನು ಬಂದ್ರೂ ಕಚ್ತದೆ."

"ಔರ್ ಬಚ್ಚೆ?"

ಸುಳ್ಳು ಹೇಳಬಹುದಿತ್ತು. ನಿಜವನ್ನೇ ಹೇಳಿದೆ. "ಕಾಯುವವರಿಲ್ಲದಿದ್ರೆ ಮರಿಗಳನ್ನ ಬೇರೆ ಮೀನುಗಳು ತಿಂತಾವೆ."

ಅವಳು ನೀರಿಗೆ ಬೆರಳು ತಾಗಿಸಿದಳು. "ಇಸ್ನೇ ಕಾಟಾ ತೋ, ಅಮ್ಮಾ," ಎಂದಳು. ಮರಿಗಳಿಗಾಗಿ ಇದು ಕಚ್ಚಿಯಾದರೂ ನೋಡಿತು, ನಾನು ಯಾರನ್ನು ಕಚ್ಚಲಿ ಎಂದು ಅವಳು ಕೇಳಿ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅತ್ತಳು.