ವೈನಿ ಕಲಿಸಿದ ನಂಚಾಕು

ಹೋದ ತಿಂಗಳು ಬಡಿಗೇರ ಅಂಗಡಿಯಿಂದ ಹನ್ನೆರಡು ಜೋಡಿ ಕೋಲು ಬಂದವು. ನಾನು ಹುನಗುಂದದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಟ ಕಲಿಸುವ ಮೇಡಂ. ಕರಾಟೆಯ ಜೊತೆ ನಂಚಾಕನ್ನೂ ಕಲಿಸಲು ಈ ವರ್ಷ ಒಪ್ಪಿಗೆ ಸಿಕ್ಕಿದೆ. ಹೊಸ ಕಟ್ಟಿಗೆ ಬಿರುಕು ಬಿಡಬಾರದೆಂದು ಒಂದೊಂದೇ ಕೋಲಿಗೆ ಕುಸುಬಿ ಎಣ್ಣೆ ತಿಕ್ಕುತ್ತ ಮನೆಯಲ್ಲಿ ಕುಳಿತಿದ್ದೆ. ನಾಲ್ಕನೇ ಜೋಡಿಗೋ ಐದನೇ ಜೋಡಿಗೋ ಬರುವ ಹೊತ್ತಿಗೆ, ಆ ಎಣ್ಣೆಯ ಘಾಟು ಕಟ್ಟಿಗೆಯ ವಾಸನೆಯೊಂದಿಗೆ ಕೂಡಿ ಮೂಗಿಗೆ ಬಡಿದು, ನನ್ನ ಕೈ ಹಾಗೇ ನಿಂತಿತು. ಎಷ್ಟು ವರ್ಷವಾಯಿತು... ಇಲಕಲ್ಲಿನ ನಮ್ಮ ಮಾಳಿಗೆ, ಅತ್ತಿಗೆಯ ಸಲಿಗೆಯಲ್ಲಿ ನಾನು ವೈನಿ ಅನ್ನುತ್ತಿದ್ದ ಪಕ್ಕದ ಮನೆಯ ಸೊಸೆ.

ಆಗ ನಾನು ಪಿಯುಸಿ ಮೊದಲ ವರ್ಷ. ಅಪ್ಪನಿಗೆ ಗ್ರಾನೈಟ್ ಪಾಲಿಶ್ ಮಾಡುವ ಕೆಲಸ. ಪಕ್ಕದ ಮನೆಯವರು ನೇಕಾರರು. ಬೆಳಗಾದರೆ ಅವರ ಕುಣಿಮಗ್ಗದ ಸದ್ದಿಗೇ ನಮಗೆ ಎಚ್ಚರ. ಎರಡೂ ಮನೆಗಳ ಚಾವಣಿ ಸಪಾಟಾದ ಮಣ್ಣಿನ ಮಾಳಿಗೆ. ನಡುವೆ ಸೊಂಟದೆತ್ತರದ ಗೋಡೆ ಬಿಟ್ಟರೆ ಎರಡೂ ಒಂದೇ ಬಯಲಿನಂತೆ ಇದ್ದವು. ಅಣ್ಣನ ಮೊಬೈಲಿನಲ್ಲಿ ಯಾವುದೋ ದೇಶದ ಹುಡುಗಿಯೊಬ್ಬಳು ನಂಚಾಕು ತಿರುಗಿಸುವುದನ್ನು ನೋಡಿದ ದಿನದಿಂದ ನನಗೆ ಬೇರೆ ಧ್ಯಾನವಿರಲಿಲ್ಲ. ಒಂದು ಹಗ್ಗ, ಅದರ ಎರಡು ತುದಿಗೆ ಎರಡು ಗಿಡ್ಡ ಕೋಲು, ಅಷ್ಟೇ. ಆದರೆ ಅವಳ ಕೈಯಲ್ಲಿ ಅದು ಬೆರಳ ಮೇಲೆ ಉರುಳುತ್ತಿತ್ತು, ಗಾಳಿಗೆ ಹಾರಿ ತಾನಾಗಿ ಮರಳಿ ಬರುತ್ತಿತ್ತು. ಇದಕ್ಕೆ ಫ್ರೀಸ್ಟೈಲ್ ಅನ್ನುತ್ತಾರೆಂದು ಅಣ್ಣ ಹೇಳಿದ. ನಾನು ನೀರಿನ ಪೈಪಿನ ಎರಡು ತುಂಡಿಗೆ ಹಳೆ ಬಟ್ಟೆ ತುರುಕಿ, ನಡುವೆ ಹಗ್ಗ ಕಟ್ಟಿಕೊಂಡು ಮಾಳಿಗೆ ಹತ್ತಿದೆ. ನಂಚಾಕು ಎಂಬ ಹೆಸರಿನಲ್ಲಿ ಅವ್ವನಿಗೆ ಕೇಳಿಸಿದ್ದು ಚಾಕು ಮಾತ್ರ. ಅದರಲ್ಲಿ ಹರಿತವಾದದ್ದು ಏನೂ ಇಲ್ಲವೆಂದು ನಂಬಿಸಲು ಎರಡು ದಿನ ಬೇಕಾಯಿತು.

ಮೊದಲ ವಾರವೆಲ್ಲ ನಾನು ನನ್ನನ್ನೇ ಹೊಡೆದುಕೊಂಡೆ. ಮೊಣಕೈ, ಮೊಣಕಾಲು, ಒಮ್ಮೆ ಹಲ್ಲು. ಗೋಡೆಯ ಆಚೆ ವೈನಿ ಶಾವಿಗೆ ಒಣಹಾಕುತ್ತ ಇದ್ದಳು. ಬಾಗಲಕೋಟೆಯಿಂದ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತೇನೋ. ಮಾತು ಕಡಿಮೆ. ನನ್ನತ್ತ ನೋಡುತ್ತಿದ್ದಳು, ಆದರೆ ಒಮ್ಮೆಯೂ ನಕ್ಕಿರಲಿಲ್ಲ. ಒಂದು ಮಧ್ಯಾಹ್ನ ಪೈಪು ಕಿವಿಯ ಹಿಂದೆ ಬಡಿದು ಕಣ್ಣು ಕತ್ತಲಾಗಿ ಕುಳಿತುಬಿಟ್ಟೆ. ಅವಳು ಗೋಡೆ ದಾಟಿ ಬಂದು, ಸೆರಗಿನ ತುದಿ ನೀರಲ್ಲಿ ಅದ್ದಿ ಒತ್ತಿದಳು. ಆಮೇಲೆ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಬಳೆಗಳನ್ನು ಮೊಣಕೈ ತನಕ ಏರಿಸಿ, ನನ್ನ ಪೈಪಿನ ತುಂಡನ್ನು ಕೈಗೆತ್ತಿಕೊಂಡಳು.

ಒಂದೇ ಏಟು. ಬಲ ಹೆಗಲ ಮೇಲಿಂದ ಹೊರಟದ್ದು ಗಾಳಿ ಸೀಳಿ, ಸೊಂಟ ಸುತ್ತಿ, ಎಡಗೈಯಲ್ಲಿ ಟಪ್ಪೆಂದು ಬಂದು ನಿಂತಿತು. ಸೀರೆಯ ನೆರಿಗೆ ಕೂಡ ಅಲುಗಿರಲಿಲ್ಲ.

“ಕೋಲು ನೋಡಬ್ಯಾಡ,” ಅಂದಳು. “ಅದು ಎಲ್ಲಿ ಬರ್ತೈತಿ ಅಂತ ಕೈಗೆ ಗೊತ್ತಿರಬೇಕು.”

ತವರಿನಲ್ಲಿ ಅವಳು ಎಂಟು ವರ್ಷ ಕರಾಟೆ ಕಲಿತಿದ್ದಳು. ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಇನ್ನು ಮೂರು ತಿಂಗಳು ಇರುವಾಗ ಮದುವೆ ನಿಶ್ಚಯವಾಯಿತು. ಕನ್ಯೆ ನೋಡಲು ಬಂದವರ ಮುಂದೆ ಇದನ್ನೆಲ್ಲ ಹೇಳಬೇಡವೆಂದು ಅವಳ ಅಪ್ಪ ಎಚ್ಚರಿಸಿದ್ದರಂತೆ. ಹುಡುಗಿ ಕೈ ಎತ್ತುವವಳೆಂದು ತಿಳಿದಾರು ಎಂಬ ಅಂಜಿಕೆ. ಹಾಗೆ ಮುಚ್ಚಿಟ್ಟದ್ದನ್ನು ಆಮೇಲೆ ಬಿಚ್ಚುವುದು ಹೇಗೆಂದು ಅವಳಿಗೆ ತಿಳಿಯಲೇ ಇಲ್ಲ. ಮರುದಿನ ಅವಳು ತನ್ನ ಟ್ರಂಕಿನ ತಳದಿಂದ, ಸೀರೆಗಳ ಕೆಳಗಿಂದ, ಕಟ್ಟಿಗೆಯ ನಂಚಾಕು ತಂದಳು. ಕುಸುಬಿ ಎಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ಅದನ್ನು ನನಗೆ ಮುಟ್ಟಲು ಕೊಟ್ಟಳು, ತಿರುಗಿಸಲು ಕೊಡಲಿಲ್ಲ.

ಪಾಠ ಶುರುವಾಯಿತು. ಮಧ್ಯಾಹ್ನ ಅವಳ ಅತ್ತೆ ಕೆಳಗೆ ರಾಟಿಯ ಮುಂದೆ ಕಂಡಿಕೆಗೆ ನೂಲು ಸುತ್ತುವ ಹೊತ್ತು, ನಾನು ಕಾಲೇಜು ಮುಗಿಸಿ ಬರುವ ಹೊತ್ತು. ಆದರೆ ಅದನ್ನು ಪಾಠ ಅನ್ನಲು ನನಗೆ ಆಗ ಮನಸ್ಸಿರಲಿಲ್ಲ. ಮೊದಲು ಹಗ್ಗ ಜಗ್ಗಿ ನೋಡಬೇಕು, ಗಂಟು ನೋಡಬೇಕು. ಆಮೇಲೆ ನಿಲ್ಲಬೇಕು, ಬರೀ ನಿಲ್ಲಬೇಕು. ಆಮೇಲೆ ಒಂದೇ ಏಟು, ಒಂದೇ ಹಿಡಿತ, ಬಲಗೈಯಲ್ಲಿ ನೂರು, ಎಡಗೈಯಲ್ಲಿ ನೂರು. ಅವಳು ಗೋಡೆಯ ಆಚೆ ತನ್ನ ಮಾಳಿಗೆಯಲ್ಲಿ ನಿಂತು ಎಣಿಸುತ್ತ, ಪ್ರತಿ ಎಣಿಕೆಗೂ ಹಿಮ್ಮಡಿಯಿಂದ ನೆಲ ಒದೆಯುತ್ತಿದ್ದಳು. ನಾನು ಕಟ್ಟಿದ್ದ ಹಗ್ಗ ಬಿಚ್ಚಿ, ತಾನೇ ದಪ್ಪ ಹಗ್ಗ ಹಾಕಿ ಎರಡೆರಡು ಗಂಟು ಬಿಗಿದಿದ್ದಳು.

ಒಂದು ತಿಂಗಳು ತಡೆದೆ. ಮೊಬೈಲಿನ ಹುಡುಗಿ ಒಂದು ನಿಮಿಷದಲ್ಲಿ ಇಪ್ಪತ್ತು ಥರ ತಿರುಗಿಸುತ್ತಿದ್ದಳು. ನಾನಿನ್ನೂ ನಿಲ್ಲುವುದನ್ನೇ ಕಲಿಯುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. ಹೀಗೆ ಎಷ್ಟು ದಿನ ಎಂದು. ಕೈಗೆ ಸಾಕೆನಿಸುವ ತನಕ ಅಂದಳು. ಮೊಬೈಲು ತೋರಿಸಿದೆ. ಪೂರ್ತಿ ನೋಡಿ, ಹುಡುಗಿ ಚುರುಕದಾಳ, ಆದರ ಇದು ಆಟ ಅಂದಳು. ನನಗೆ ಸಿಟ್ಟು ಬಂತು.

“ನಿಮ್ಮದು ಬರೇ ಕವಾಯತ್ರೀ, ವೈನಿ,” ಅಂದೆ.

ಎಡಗೈಯ ನೂರು ಇನ್ನೂ ಬಾಕಿಯಿದೆ ಅಂದಳು ಅಷ್ಟೇ.

ಕಾಲೇಜಿನ ವಾರ್ಷಿಕ ಗ್ಯಾದರಿಂಗ್ ಬಂತು. ನಾನು ಹೆಸರು ಕೊಟ್ಟೆ, ಫ್ರೀಸ್ಟೈಲ್ ಎಂದೇ. ಅವಳಿಗೆ ಹೇಳಲಿಲ್ಲ. ದಪ್ಪ ಹಗ್ಗದಲ್ಲಿ ಕೋಲು ಬೆರಳ ಮೇಲೆ ಸಲೀಸಾಗಿ ಉರುಳುತ್ತಿರಲಿಲ್ಲ, ಅದಕ್ಕೆ ವೈನಿ ಬಿಗಿದ ಹಗ್ಗ ಬಿಚ್ಚಿ ಸಣ್ಣದೊಂದು ದಾರ ಪೋಣಿಸಿಕೊಂಡೆ. ವೇದಿಕೆಯ ಮೇಲೆ ಮೊದಲ ಎರಡು ನಿಮಿಷ ಎಲ್ಲವೂ ನಾನು ಕನಸು ಕಂಡಂತೆಯೇ ಆಯಿತು. ಚಪ್ಪಾಳೆ, ಸೀಟಿ. ಮೂರನೆಯ ಸಲ ಮೇಲೆ ಎಸೆದು ಹಿಡಿದು ಜೋರಾಗಿ ತಿರುಗಿಸಿದೆ. ದಾರ ಹರಿಯಿತು. ಒಂದು ತುಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದ, ನನ್ನದೇ ಕ್ಲಾಸಿನ ಹುಡುಗಿಯ ಹುಬ್ಬಿಗೆ ಬಡಿಯಿತು.

ಮೂರು ಹೊಲಿಗೆ ಬಿದ್ದವು. ಕಣ್ಣು ಉಳಿಯಿತು. ದವಾಖಾನೆಯ ಬಾಗಿಲಲ್ಲಿ ಅವಳ ಅವ್ವ ನನ್ನತ್ತ ನೋಡಿದ ನೋಟ... ಅದನ್ನು ಬರೆಯಲು ಈಗಲೂ ನನಗೆ ಆಗುವುದಿಲ್ಲ.

ಅಪ್ಪ ಅವರ ಮನೆಗೆ ಹೋಗಿ ಕೈಮುಗಿದು ಬಂದ. ನನಗೆ ಬೈಯಲಿಲ್ಲ, ಹರಿದ ದಾರ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತ. ದಿನಾ ಗರಗರ ತಿರುಗುವ ಕಲ್ಲಿನ ಮಷೀನು ನಡೆಸುವವನು ಅವನು. ಹಿಡಿತ ತಪ್ಪಿದರೆ ಏನಾಗುತ್ತದೆಂದು ಅವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಆ ಸಂಜೆ ವೈನಿ ಬಂದಳು. ಜೊತೆಗೆ ಅವಳ ಅತ್ತೆ, ನಾನು ದೊಡ್ಡವ್ವ ಅನ್ನುತ್ತಿದ್ದವಳು, ಏಟು ತಿಂದ ಹುಡುಗಿ ಹೇಗಿದ್ದಾಳೆಂದು ವಿಚಾರಿಸಲು ಬಂದಿದ್ದಳು. ಈ ಹುಡುಗಿ ಇದನ್ನೆಲ್ಲ ಎಲ್ಲಿ ಕಲಿತಳೋ ಎಂದು ಅವ್ವ ಕಣ್ಣೊರೆಸಿಕೊಳ್ಳುತ್ತಿರುವಾಗ ವೈನಿ ಮುಂದೆ ಬಂದಳು.

“ಕಾಕಾ, ಆಕೀಗೆ ಏನೂ ಅನಬ್ಯಾಡ್ರಿ. ಕಲಿಸಿದಾಕಿ ನಾ. ತಪ್ಪು ನಂದು.”

ದೊಡ್ಡವ್ವ ಸೊಸೆಯ ಮುಖ ನೋಡುತ್ತಿದ್ದಳು. ವೈನಿಯ ಕಣ್ಣು ಮಾತ್ರ ಅಪ್ಪನ ಕೈಯಲ್ಲಿದ್ದ ದಾರದ ಮೇಲೆ ಬಿತ್ತು. ಅದು ತಾನು ಕಟ್ಟಿದ ಹಗ್ಗವಲ್ಲವೆಂದು ಅವಳಿಗೆ ಆ ಕ್ಷಣದಲ್ಲೇ ತಿಳಿಯಿತು. ನನ್ನತ್ತ ಒಮ್ಮೆ ನೋಡಿದಳು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಆಡಬೇಕಾದವಳು ನಾನು. ನಾನೂ ಆಡಲಿಲ್ಲ. ಹದಿನೇಳರ ವಯಸ್ಸಿನಲ್ಲಿ ನಾನೊಂದು ದೊಡ್ಡ ಹೇಡಿತನ ಮಾಡಿದೆ.

ಮರುದಿನದಿಂದ ಶಾವಿಗೆ, ಹಪ್ಪಳ ಎಲ್ಲ ಅವರ ಹಿತ್ತಲಲ್ಲಿ ಒಣಗತೊಡಗಿದವು. ವೈನಿ ಮಾಳಿಗೆಗೆ ಬರಲಿಲ್ಲ. ದಾರಿಯಲ್ಲಿ ಕಂಡರೆ ಅಭ್ಯಾಸ ಹೇಗಿದೆಯೆಂದು ಕೇಳಿ ಮುಂದೆ ಹೋಗುತ್ತಿದ್ದಳು. ಅವಳು ಓದಿನ ಬಗ್ಗೆ ಕೇಳುತ್ತಿದ್ದಾಳೆಂದು ಬೇರೆಯವರು ತಿಳಿಯುತ್ತಿದ್ದರು. ಮೂರು ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಕೊನೆಗೊಂದು ಮಧ್ಯಾಹ್ನ ದೊಡ್ಡವ್ವನ ರಾಟಿಯ ಮುಂದೆ ಹೋಗಿ ಕುಳಿತು ಎಲ್ಲ ಹೇಳಿದೆ. ಹಗ್ಗ ಬಿಚ್ಚಿದ್ದು ನಾನು, ನನ್ನ ತಪ್ಪು ಹೊತ್ತುಕೊಂಡದ್ದು ವೈನಿ ಎಂದು.

ಅವಳು ರಾಟಿ ನಿಲ್ಲಿಸಲಿಲ್ಲ.

“ಆಕಿ ಕಲಸೂದು ನನಗ ಮೊದಲ ದಿನದಿಂದ ಗೊತ್ತೈತೆವ್ವಾ,” ಅಂದಳು. “ಮ್ಯಾಲೆ ಆಕಿ ಒದ್ದಾಗೊಮ್ಮೆ ಕೆಳಗ ನನ್ನ ನೂಲಿನ ಮ್ಯಾಲೆ ಮಣ್ಣು ಉದರತಿತ್ತು. ನೂರು ಅಂದ್ರ ನೂರು ಸಲ. ಮಗ್ಗದ ಮನ್ಯಾಗ ಇದ್ದಾಕಿಗೆ ಎಣಿಕಿ ತಿಳಿಯೂದಿಲ್ಲೇನು?”

ಹಾಗಾದರೆ ಸಿಟ್ಟು ಯಾಕೆ ಎಂದು ಕೇಳಿದೆ. ಅವಳು ತುಂಬಿದ ಕಂಡಿಕೆ ತೆಗೆದು ಖಾಲಿಯದನ್ನು ಹಾಕಿದಳು. ಆಮೇಲೆ ಹೇಳಿದಳು, ಒಂದೂವರೆ ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡೆವು, ನನ್ನ ಮುಂದೆ ಹೇಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ, ಅದಕ್ಕೆ ಸಂಕಟ ಎಂದು. ಸಿಟ್ಟೆಂಬ ಪದವನ್ನು ಅವಳು ಬಳಸಲಿಲ್ಲ. ಒಳಗಿನ ಬಾಗಿಲಲ್ಲಿ ವೈನಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ. ಆ ದಿನ ಅವರಿಬ್ಬರೂ ಏನು ಮಾತಾಡಿದರೆಂಬುದೂ ನನಗೆ ಗೊತ್ತಿಲ್ಲ. ಮುಂದಿನ ಸೋಮವಾರ ದೊಡ್ಡವ್ವ ನಮ್ಮ ಮನೆಗೆ ಬಂದು, ಮಾಳಿಗೆ ಬೇಡ, ನೂಲು ಹೊಲಸಾಗುತ್ತದೆ, ಇನ್ನು ಮುಂದೆ ಇಬ್ಬರೂ ತನ್ನ ಅಂಗಳದಲ್ಲಿ ಮಾಡಿಕೊಳ್ಳಲಿ ಎಂದು ಅವ್ವನಿಗೆ ಹೇಳಿ ಹೋದಳು.

ಹುಬ್ಬಿಗೆ ಹೊಲಿಗೆ ಬಿದ್ದ ಹುಡುಗಿಯ ಮನೆಗೆ ವೈನಿ ನನ್ನನ್ನು ಕರೆದುಕೊಂಡು ಹೋದಳು. ಅಲ್ಲಿ ಮಾತಾಡಬೇಕಾದವಳು ನಾನೆಂದು ದಾರಿಯಲ್ಲೇ ಹೇಳಿದ್ದಳು. ಈ ಸಲ ಮಾತಾಡಿದೆ.

ಆಮೇಲೆ ನಾನು ನಿಲ್ಲುವುದನ್ನು ಮತ್ತೆ ಮೊದಲಿನಿಂದ ಕಲಿತೆ. ಬೇಸರವಾಗಲಿಲ್ಲ. ಆದರೆ ಒಂದು ದಿನ ವೈನಿಯೇ, ಸ್ವಲ್ಪ ನಾಚಿಕೊಂಡು, ಆ ಮೊಬೈಲಿನದನ್ನು ತೋರಿಸು ಅಂದಳು. ನನಗೆ ನಂಬಿಕೆಯಾಗಲಿಲ್ಲ. ದಪ್ಪ ಹಗ್ಗದಲ್ಲೇ ಮಾಡಲು ಬರುವುದನ್ನು ಆರಿಸಿ ಒಂದೊಂದೇ ತೋರಿಸಿದೆ. ಬೆರಳ ಮೇಲೆ ಉರುಳಿಸುವುದು ಅವಳಿಗೆ ಒಂದು ವಾರದಲ್ಲಿ ಬಂತು. ಗಾಳಿಗೆ ಎಸೆಯುವುದು ಮಾತ್ರ ಬರಲೇ ಇಲ್ಲ. ಎಂಟು ವರ್ಷ ಅವಳ ಸರ್ ಅವಳಿಗೆ ಕಲಿಸಿದ್ದು ಕೋಲು ಬಿಡಬಾರದೆಂದು. ಎಸೆಯುವ ಹೊತ್ತಿಗೆ ಬೆರಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ದಿನಾ ಪ್ರಯತ್ನಿಸುವಳು, ಕೋಲು ಕೈಯಲ್ಲೇ ಉಳಿಯುವುದು, ತಾನೇ ನಗುವಳು. ಅವಳು ಜೋರಾಗಿ ನಗುವುದನ್ನು ನಾನು ಮೊದಲು ಕಂಡದ್ದೇ ಆಗ. ಒಂದು ತಿಂಗಳಾದ ಮೇಲೆ ಒಂದು ಸಂಜೆ ಕೋಲು ಕೈ ಬಿಟ್ಟು ಮೇಲೆ ಹೋಯಿತು, ಒಂದು ಸುತ್ತು ತಿರುಗಿ ಅವಳ ಅಂಗೈಗೆ ಬಂದು ಬಿತ್ತು. ಅವಳು ನನ್ನನ್ನು ನೋಡಲಿಲ್ಲ, ಅತ್ತೆಯನ್ನು ನೋಡಿದಳು. ದೊಡ್ಡವ್ವ ಅಡಿಕೆ ಕತ್ತರಿಸುತ್ತ, ಬಿದ್ದಿದ್ದರೆ ತುಳಸಿ ಕಟ್ಟೆ ಒಡೆಯುತ್ತಿತ್ತು ಅಂದಳು.

ಎರಡು ವರ್ಷದ ಮೇಲೆ ಅವಳು ಬಾಗಲಕೋಟೆಗೆ ಹೋಗಿ ಬಿಟ್ಟುಹೋಗಿದ್ದ ಪರೀಕ್ಷೆ ಕಟ್ಟಿದಳು. ನಾನೂ ದೊಡ್ಡವ್ವನೂ ಜೊತೆಗೆ ಹೋಗಿದ್ದೆವು. ಬಿಳಿ ಅಂಗಿ ಪಾಯಜಾಮದಲ್ಲಿ ಸೊಸೆಯನ್ನು ಕಂಡು ದೊಡ್ಡವ್ವ ಒಂದು ನಿಮಿಷ ಗುರುತು ಹಿಡಿಯಲಿಲ್ಲ. ವೈನಿ ಹಳೆಯ ಪಾಠವನ್ನು ಒಂದಿಷ್ಟೂ ಆಚೀಚೆಯಾಗದಂತೆ ಮಾಡಿದಳು. ಉರುಳಿಸುವುದಿಲ್ಲ, ಎಸೆಯುವುದಿಲ್ಲ. ಬೆಲ್ಟ್ ಸಿಕ್ಕಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದೆ, ಅಷ್ಟು ಚೆನ್ನಾಗಿ ಕಲಿತಿದ್ದನ್ನು ಕೊನೆಗೆ ಒಂದು ಸಲವಾದರೂ ತೋರಿಸಬಾರದಿತ್ತೇ ಎಂದು.

“ಅದು ನಮ್ಮ ಅಂಗಳದ್ದು,” ಅಂದಳು. “ಅಲ್ಯಾಕ ತೋರಿಸಬೇಕು?”

ನಾನು ಓದಲು ಧಾರವಾಡಕ್ಕೆ ಹೋದೆ. ರಜೆಗೆ ಬಂದಾಗೊಮ್ಮೆ ಅಂಗಳದಲ್ಲಿ ಎರಡು ತಾಸು. ಆಮೇಲೆ ಊರಿಗೂರೇ ಬಾಗಿಲು ಹಾಕಿಸಿದ ಆ ರೋಗದ ಎರಡನೇ ವರ್ಷ ಬಂತು. ಬಸ್ಸು ನಿಂತವು, ಹಾಸ್ಟೆಲ್ಲಿನಲ್ಲಿ ನಾಲ್ಕೇ ಜನ ಉಳಿದೆವು. ವೈನಿಗೆ ಜ್ವರ, ದವಾಖಾನೆಗೆ ಸೇರಿಸಿದ್ದಾರೆಂದು ಅವ್ವ ಹೇಳಿದ್ದಳು. ಒಂದು ಬೆಳಗ್ಗೆ ಅವಳೇ ಫೋನು ಮಾಡಿದಳು. ಎರಡು ಮಾತಿಗೊಮ್ಮೆ ಉಸಿರು ನಿಲ್ಲುತ್ತಿತ್ತು. ಎಡಗೈಯ ನೂರು ಮಾಡುತ್ತಿದ್ದೀಯಾ ಎಂದು ಕೇಳಿದಳು. ಹೂಂ ಅಂದೆ. ಸುಳ್ಳು. ಅವಳು ನಕ್ಕಳೋ ಕೆಮ್ಮಿದಳೋ, ಈಗ ನೆನಪಿಲ್ಲ... ಫೋನಿಟ್ಟ ಮೇಲೆ ಹಾಸ್ಟೆಲ್ಲಿನ ಖಾಲಿ ವರಾಂಡದಲ್ಲಿ ನಿಂತು ನೂರು ಮಾಡಿದೆ. ಮೂರನೇ ದಿನ ಅವ್ವ ಫೋನು ಮಾಡಿ, ವೈನಿ ಇನ್ನಿಲ್ಲ ಅಂದಳು. ನನಗೆ ಹೋಗಲಾಗಲಿಲ್ಲ. ಯಾರಿಗೂ ಆಗಲಿಲ್ಲ. ಬಸ್ಸು ಬಿಟ್ಟ ಮೇಲೆ ನಾನು ಹೋದಾಗ ದೊಡ್ಡವ್ವ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಂಡಿಕೆ ಸುತ್ತುತ್ತಲೇ ಇದ್ದಳು.

ಈಗ ಶಾಲೆಯಲ್ಲಿ ನಾನೂ ಮೊದಲು ನಿಲ್ಲುವುದನ್ನೇ ಕಲಿಸುತ್ತೇನೆ. ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ, ಮೊಬೈಲಿನಲ್ಲಿ ಕಂಡದ್ದು ಯಾವಾಗ ಎಂದು ಕೇಳುತ್ತಾರೆ. ಎರಡೂ ಕಲಿಸುತ್ತೇನೆ ಅನ್ನುತ್ತೇನೆ. ಯಾವುದು ಹೆಚ್ಚು ಎಂದು ಕೇಳಿದರೆ ಎಡಗೈಯ ನೂರು ಮಾಡಿಸುತ್ತೇನೆ. ಮೊನ್ನೆ ಎಂಟನೇ ತರಗತಿಯ ಒಬ್ಬ ಹುಡುಗಿ, ಮೊಣಕೈ ಒಳಗಿಟ್ಟುಕೊಂಡು, ನಾನು ಹೇಳಿದಂತೆಯೇ ಏಟು ಬೀಸಿ ಹಿಡಿದಳು. ಹಿಡಿದವಳು ಅಲ್ಲಿಗೆ ನಿಲ್ಲಿಸದೆ ಬೆರಳು ಸಡಿಲಿಸಿದಳು. ಕೋಲು ಅವಳ ಮಣಿಕಟ್ಟು ಸುತ್ತಿ, ನಾನು ಎಲ್ಲೂ ಕಾಣದಂಥ ಒಂದು ತಿರುವು ತೆಗೆದುಕೊಂಡು ಎಡಗೈ ಸೇರಿತು. ಯಾರು ಹೇಳಿಕೊಟ್ಟರೆಂದು ಕೇಳಿದೆ.

“ಯಾರೂ ಇಲ್ರಿ ಮೇಡಂ. ಕೈ ಹಂಗ ಹೋತ್ರಿ.”

ನೋಡಿದ್ರೇನ್ರಿ ವೈನಿ ಎಂದು ಕೇಳಲು ನಾನು ಥಟ್ಟನೆ ಪಕ್ಕಕ್ಕೆ ತಿರುಗಿದೆ. ಅಲ್ಲಿ ಬೇವಿನ ಗಿಡದ ಕೆಳಗೆ ಮಕ್ಕಳ ಚೀಲಗಳಿದ್ದವು.