ಫೋರ್ಟಿನ ಮಹಡಿಯ ಖಾಲಿ ತೊಟ್ಟಿಲು

ನಾನು ಎರಡನೆಯ ಸಲ ಬಸುರಿಯಾದದ್ದು ಗೊತ್ತಾದ ವಾರವೇ ಅತ್ತೆ ಅಟ್ಟದ ಮೇಲಿದ್ದ ತೊಟ್ಟಿಲನ್ನು ಇಳಿಸಿ ಮನೆಯಿಂದ ಹೊರಗೆ ಸಾಗಿಸಿದರು. ಐವತ್ತರ ದಶಕದ ಬೊಂಬಾಯಿಯ ಮಾಟುಂಗಾ. ಚಾಳಿನಲ್ಲಿ ನಮಗಿದ್ದದ್ದು ಒಂದು ಕೋಣೆ, ಅದರ ಹಿಂದೆ ಬಚ್ಚಲಿನಷ್ಟೇ ದೊಡ್ಡದಾದ ಅಡುಗೆಮನೆ. ಜಾಗ ಸಾಲದೆಂದು ಅವರು ಹಾಗೆ ಮಾಡಿದ್ದಲ್ಲ.

ಆ ತೊಟ್ಟಿಲು ಅತ್ತೆ ನಮ್ಮವರನ್ನು ಮಲಗಿಸಿ ಬೆಳೆಸಿದ್ದು. ಹಲಸಿನ ಮರದ್ದು, ಕಂಬಿಗಳಿಗೆ ಕೆಂಪು ಹಳದಿ ಅರಗಿನ ಬಣ್ಣ. ನನಗೆ ತಾಯಿ ಇರಲಿಲ್ಲ, ಹಾಗಾಗಿ ಚೊಚ್ಚಲ ಹೆರಿಗೆಗೆ ಹೋಗಲು ತವರೂ ಇರಲಿಲ್ಲ. ಬೊಂಬಾಯಿಯಲ್ಲೇ ಆಗಲಿ ಎಂದು ನಿಶ್ಚಯವಾದಾಗ ನಮ್ಮವರು ಆಸೆ ತಡೆಯಲಾರದೆ ಊರಿನಿಂದ ಹಡಗಿನಲ್ಲಿ ತೊಟ್ಟಿಲು ತರಿಸಿ, ನಾನು ಆಸ್ಪತ್ರೆಗೆ ಹೋಗುವ ಮೊದಲೇ ಜಂತಿಗೆ ತೂಗುಹಾಕಿಬಿಟ್ಟರು. ಅತ್ತೆ ಬೇಡ ಬೇಡ ಎಂದು ಬಡಕೊಂಡರು. ಮಗು ಉಸಿರಿಲ್ಲದೆ ಹುಟ್ಟಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ಜನ ನಗುತ್ತ ಹೇಳುವ ಗಾದೆಯನ್ನು ನಮ್ಮ ಮನೆಯಲ್ಲಿ ಆಮೇಲೆ ಯಾರೂ ಬಾಯಿಗೆ ತರಲಿಲ್ಲ.

"ಮನೆಯಲ್ಲಿ ಖಾಲಿ ತೊಟ್ಟಿಲು ಬೇಡ ಮಾರಾಯ್ತಿ," ಎಂದರು ಅತ್ತೆ. "ಸಂಘದವರು ಊರಿನ ಹಳೇ ಸಾಮಾನು ಬೇಕು ಅಂತ ಕೇಳ್ತಾ ಇದ್ರಲ್ಲ, ಅವರಿಗೇ ಇರ್ಲಿ."

ನಮ್ಮ ಕಡೆಯವರ ಸಂಘವೊಂದಿತ್ತು. ಅದರ ಕೆಲವರಿಗೆ, ಇಲ್ಲಿ ಹುಟ್ಟಿದ ಮಕ್ಕಳಿಗೆ ಊರಿನ ಮನೆ ಹೇಗಿರುತ್ತದೆಂದು ತೋರಿಸಬೇಕೆಂಬ ಉಮೇದು ಹತ್ತಿತ್ತು. ಫೋರ್ಟ್ ಪೇಟೆಯಲ್ಲಿ ಹೋಟೆಲು ಇಟ್ಟಿದ್ದ ಸದಸ್ಯರೊಬ್ಬರು ಹೋಟೆಲಿನ ಮೇಲಿನ ಕೋಣೆ ಬಿಟ್ಟುಕೊಟ್ಟರು. ರಾತ್ರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರೊಬ್ಬರು ಮನೆಮನೆ ಸುತ್ತಿ ಸಾಮಾನು ಸೇರಿಸಿದರು. ಅದಕ್ಕೆ ಅವರು ಮ್ಯೂಸಿಯಂ ಎಂದು ಹೆಸರಿಟ್ಟರು. ತೊಟ್ಟಿಲು ಹೋಗಿ ಸೇರಿದ್ದು ಅಲ್ಲಿಗೆ. ಪೀಡೆ ಹೋಯಿತು ಎಂದು ನನಗೂ ಅನ್ನಿಸಿತು. ಹೆದರುತ್ತಿದ್ದವಳಿಗೆ ಒಂದು ಹೆದರಿಕೆ ಕಡಿಮೆಯಾದರೂ ದೊಡ್ಡದೇ.

ನನಗೆ ಐದು ತಿಂಗಳು ತುಂಬಿದ ಮೇಲೆ ನಮ್ಮವರು ಒಂದು ಭಾನುವಾರ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಹೋದವಳಿಗೆ ಮೊದಲು ಬಂದದ್ದು ಸಿಟ್ಟು. ಬೆಳಿಗ್ಗೆ ನಾನು ತೊಂಡೆಕಾಯಿ ಹೆಚ್ಚಿ ತೊಳೆದಿಟ್ಟು ಬಂದಂಥದೇ ಮೆಟ್ಟುಕತ್ತಿ ಅಲ್ಲಿ ಗೋಡೆಗೊರಗಿ, "ಹಿಂದಿನವರು ಬಳಸುತ್ತಿದ್ದುದು" ಎಂದು ಚೀಟಿ ಅಂಟಿಸಿಕೊಂಡು ಕೂತಿತ್ತು. ಗೆರಸೆ, ಕಂಚಿನ ಚೆಂಬು, ಅಡಿಕೆ ಹಾಳೆಯ ಟೋಪಿ, ರುಬ್ಬುವ ಕಲ್ಲು. ಅತ್ತೆ ದಿನವೂ ಉಡುವಂಥ ಮಡಿಸೀರೆಯೊಂದು ಬಿದಿರ ಗಳದ ಮೇಲೆ ನೇತಾಡುತ್ತಿತ್ತು. ಹಾಗಾದರೆ ನಾವು ಯಾವ ಕಾಲದವರು ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಕೋಣೆಯ ನಡುವೆ ಕಣ್ಣು ಹೋಯಿತು.

ತೊಟ್ಟಿಲನ್ನು ಸರಪಳಿ ಹಾಕಿ ತೂಗುಬಿಟ್ಟಿದ್ದರು. ಕೆಳಗೆ ಕಾಫಿ ಕುಡಿದು ಮೇಲೆ ಬಂದಿದ್ದ ಇಬ್ಬರು ಗಂಡಸರು ಅದನ್ನು ಜೋರಾಗಿ ತೂಗುತ್ತ "ಜೋ ಜೋ" ಎಂದು ತಮಾಷೆ ಮಾಡುತ್ತಿದ್ದರು. ಒಳಗೆ ಏನೂ ಇರಲಿಲ್ಲ.

ಖಾಲಿ ತೊಟ್ಟಿಲು ತೂಗಬಾರದು. ತೂಗಿದರೆ ಆ ಮನೆಯ ಕೂಸಿಗೆ ಆಗಿಬರುವುದಿಲ್ಲ. ಇದನ್ನು ಯಾರೂ ನನಗೆ ಕೂರಿಸಿ ಕಲಿಸಿದ್ದಲ್ಲ, ಎಡಗೈಯಲ್ಲಿ ಉಣ್ಣಬಾರದು ಎಂಬುದನ್ನು ತಿಳಿದ ಹಾಗೆ ತಿಳಿದದ್ದು. ಮನೆಯಲ್ಲಿ ಬಟ್ಟೆ ಸುತ್ತಿ ಅಟ್ಟದಲ್ಲಿ ಅಲ್ಲಾಡದೆ ಬಿದ್ದಿದ್ದ ತೊಟ್ಟಿಲನ್ನು ನಾವಾಗಿಯೇ ತಂದು, ಹೋಗಿಬರುವವರೆಲ್ಲ ತೂಗುವ ಜಾಗದಲ್ಲಿ ಕಟ್ಟಿಸಿದ್ದೆವು.

ಮೇಷ್ಟ್ರ ಹತ್ತಿರ ಹೇಳಿದೆ. ಅವರು ಒಳ್ಳೆಯವರೇ. "ಅಮ್ಮಾ, ನೆಲದ ಮೇಲಿಟ್ಟರೆ ಅದು ಬರೇ ಪೆಟ್ಟಿಗೆ ಆಗ್ತದೆ. ತೂಗಿದರೆ ತಾನೇ ತೊಟ್ಟಿಲು?" ಎಂದು ನಕ್ಕರು. ಮುಟ್ಟಬಾರದು ಎಂದು ಚೀಟಿ ಬರೆದು ಹಾಕಿದರು. ಬೊಂಬಾಯಿಯಲ್ಲಿ ಉಗುಳಬಾರದು ಎಂದು ಬರೆದ ಗೋಡೆಗಳ ಗತಿ ನನಗೆ ಗೊತ್ತಿತ್ತು. ಹಿಂದಕ್ಕೆ ಕೇಳೋಣವೆಂದರೆ ಹೆರಿಗೆಗೆ ಮೊದಲು ಖಾಲಿ ತೊಟ್ಟಿಲನ್ನು ಮತ್ತೆ ಮನೆ ಹೊಗಿಸಿದ ಹಾಗಾಗುತ್ತಿತ್ತು. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ. ನಮ್ಮವರಿಗೆ ಹೇಳಿದರೆ, "ಡಾಕ್ಟ್ರು ಹೇಳಿದ್ದನ್ನು ಕೇಳು, ಬೇರೆ ಎಲ್ಲ ಬಿಡು" ಎನ್ನುತ್ತಿದ್ದರು. ಅತ್ತೆಗೆ ಹೇಳುವ ಧೈರ್ಯ ನನಗಿರಲಿಲ್ಲ.

ಅಲ್ಲಿಂದ ಮುಂದೆ ನಿದ್ದೆಯಿಲ್ಲ. ಮಗು ಹೊಟ್ಟೆಯಲ್ಲಿ ಒದ್ದರೆ, ಈಗ ಅಲ್ಲಿ ಯಾರೋ ತೂಗುತ್ತಿದ್ದಾರೆ ಎಂದು ಅನ್ನಿಸುವುದು. ಒದೆಯದೆ ಸುಮ್ಮನಿದ್ದರೆ ಜೀವ ಬಾಯಿಗೆ ಬರುವುದು. ಕೊನೆಗೆ ತಡೆಯಲಾರದೆ, ಅತ್ತೆ ಮಧ್ಯಾಹ್ನ ಮಠದಲ್ಲಿ ಪುರಾಣ ಕೇಳಲು ಹೋದ ಒಂದು ದಿನ, ಗೆಳತಿಯ ಮನೆಗೆ ಎಂದು ಪಕ್ಕದವರಿಗೆ ಹೇಳಿ ಟ್ರಾಮು ಹತ್ತಿದೆ.

ಆ ಹೊತ್ತಿಗೆ ಮಹಡಿಯಲ್ಲಿ ಯಾರೂ ಇರಲಿಲ್ಲ. ನಾಮಕರಣದ ದಿನ ತೊಟ್ಟಿಲಿಗೆ ಮೊದಲು ಗುಂಡುಕಲ್ಲನ್ನು ಮಲಗಿಸಿ ಆಮೇಲೆ ಮಗುವನ್ನು ಮಲಗಿಸುವುದು ನಮ್ಮಲ್ಲಿ ವಾಡಿಕೆ. ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಕಲ್ಲಾದರೂ ಒಳಗಿದ್ದರೆ ತೊಟ್ಟಿಲು ಖಾಲಿ ಎನ್ನುವ ಹಾಗಿಲ್ಲ ಎಂದು ನನಗೆ ಹೊಳೆದಿತ್ತು. ಅಲ್ಲೇ ಸಾಮಾನಿನ ನಡುವೆ ಮದ್ದು ಅರೆಯುವ ಸಣ್ಣ ಗುಂಡೊಂದು ಇತ್ತು. ಅದನ್ನೆತ್ತಿ ತೊಟ್ಟಿಲೊಳಗಿಟ್ಟು ಬಂದೆ. ಆ ದಿನ ಹೊಟ್ಟೆ ತುಂಬ ಉಂಡೆ.

ಮುಂದಿನ ವಾರ ಹೋಗಿ ನೋಡಿದರೆ ಗುಂಡು ಮತ್ತೆ ತನ್ನ ಚೀಟಿಯ ಪಕ್ಕದಲ್ಲಿ. ಮೇಷ್ಟ್ರ ಶಿಸ್ತು. ನಾನು ಮತ್ತೆ ತೊಟ್ಟಿಲಿಗೆ ಹಾಕಿದೆ, ಅವರು ಮತ್ತೆ ತೆಗೆದರು. ನಾವಿಬ್ಬರೂ ಎದುರೆದುರು ಒಂದು ಮಾತೂ ಆಡದೆ ಹೀಗೆ ಜಗಳ ಮಾಡುತ್ತಿದ್ದೆವು.

ಮನೆಯಲ್ಲಿ ನನಗೆ ಬೇರೊಂದು ಕಿರಿಕಿರಿ. ಅತ್ತೆ ಪುರಾಣ ಮುಗಿಸಿ ಬಂದವರು ಈಚೆಗೆ ಒಂದೊಂದು ದಿನ ಸಂಜೆ ಮತ್ತೆ ತಲೆಗೆ ಸ್ನಾನ ಮಾಡುತ್ತಿದ್ದರು. ನಳದಲ್ಲಿ ನೀರಿಲ್ಲದ ಹೊತ್ತು. ನಾನು ಹೊಟ್ಟೆ ಹೊತ್ತುಕೊಂಡು ತುಂಬಿಸಿಟ್ಟ ಹಂಡೆ ಖಾಲಿ. ಮಠದಿಂದ ಬಂದವರಿಗೆ ಯಾವ ಮೈಲಿಗೆ ಎಂದು ಒಳಗೊಳಗೇ ಗೊಣಗುತ್ತಿದ್ದೆ. ಇಂಥವರ ಕೈಯಲ್ಲಿ ಬಾಣಂತನ ಮಾಡಿಸಿಕೊಳ್ಳಬೇಕಲ್ಲ ಎಂದು ಅಳುವೂ ಬರುತ್ತಿತ್ತು.

ಎಂಟನೆಯ ತಿಂಗಳಿನಲ್ಲಿ ಕೊನೆಯ ಸಲ ಎಂದುಕೊಂಡು ಹೋದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತೆ. ತೊಟ್ಟಿಲ ಪಕ್ಕ ನೆಲದ ಮೇಲೆ, ಸೆರಗನ್ನು ತಲೆ ತುಂಬ ಹೊದ್ದು, ಒಂದು ಕೈಯಿಂದ ಅದರ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು ಅತ್ತೆ ಕೂತಿದ್ದರು.

ಊರು ಬಿಟ್ಟು ಬಂದ ಮೇಲೆ ಮಠ ಬಿಟ್ಟರೆ ಮನೆ ಎಂದಿದ್ದವರು. ಖಾಲಿ ತೊಟ್ಟಿಲು ತೂಗುವ ಸುದ್ದಿ ಮಠದಲ್ಲೇ ಕಿವಿಗೆ ಬಿದ್ದಿರಬೇಕು. ಪುರಾಣದ ನೆಪ ಹೇಳಿ, ಸಿಕ್ಕಸಿಕ್ಕವರ ಮೈ ತಾಗುವ ಟ್ರಾಮಿನಲ್ಲಿ ಒಬ್ಬರೇ ಬರುತ್ತಿದ್ದರು, ಕೆಳಗಿನ ಹೋಟೆಲಿನ ಒಂದು ಲೋಟ ನೀರೂ ಮುಟ್ಟದೆ ಜನ ಕರಗುವವರೆಗೆ ಕೂರುತ್ತಿದ್ದರು. ಸಂಜೆಯ ಸ್ನಾನ ಅದಕ್ಕೆ.

"ನೀನು ಎಂತಕ್ಕೆ ಬಂದೆ ಈ ಹೊಟ್ಟೆ ಹೊತ್ತುಕೊಂಡು?" ಎಂದು ಗದರಿದರು.

"ನೀವು ಎಂತಕ್ಕೆ ಬಂದದ್ದು ಅತ್ತೆ?"

ಅವರು ಕಂಬಿ ಬಿಡದೆ ಸ್ವಲ್ಪ ಸರಿದು ಜಾಗ ಮಾಡಿದರು. ನಾನು ಕಷ್ಟಪಟ್ಟು ಅವರ ಪಕ್ಕ ಕೂತೆ. "ಮಗುವಿಗೆ ಏನೂ ಆಗುವುದಿಲ್ಲ ಅತ್ತೆ, ಬಂದಾಗೆಲ್ಲ ಒಳಗೆ ಗುಂಡು ಇಡ್ತಾ ಇದ್ದೇನೆ," ಎಂದೆ. ಸಮಾಧಾನ ಬೇಕಾಗಿದ್ದದ್ದು ನನಗೆ, ಹೇಳಿದ್ದು ಅವರಿಗೆ.

"ಹೋದ ಸರ್ತಿ ನಿನಗೆ ಪ್ರಜ್ಞೆ ಇರ್ಲಿಲ್ಲ," ಎಂದರು ಅತ್ತೆ, ನನ್ನ ಮುಖ ನೋಡದೆ. "ಎರಡು ಜೀವವೂ ಉಳಿಯುವುದು ಕಷ್ಟ ಅಂತ ಡಾಕ್ಟ್ರು ಹೇಳಿ ಹೋದ್ರು. ನಾನು ಆಸ್ಪತ್ರೆ ಮೆಟ್ಟಿಲಲ್ಲಿ ಕೂತು ದೇವರ ಹತ್ತಿರ ನಿನ್ನನ್ನು ಕೇಳಿದೆ. ಮಗುವನ್ನು ಕೇಳ್ಲಿಲ್ಲ. ಕೇಳಿದ್ದನ್ನು ಅವನು ಕೊಟ್ಟ. ಈ ಸರ್ತಿ ಎರಡನ್ನೂ ಕೇಳುವ ಮುಖ ನನಗೆ ಎಲ್ಲುಂಟು? ಅದಕ್ಕೆ ಇದನ್ನಾದರೂ ಹಿಡ್ಕೊಂಡು ಕೂರುವ ಅಂತ ಬರ್ತೇನೆ."

ಮಡಿಯವರನ್ನು ಮುಟ್ಟಬಾರದು ಎಂಬುದು ಆಗ ನೆನಪಾಗಲಿಲ್ಲ. ಅವರ ಭುಜಕ್ಕೆ ಮುಖವಿಟ್ಟು ಅತ್ತುಬಿಟ್ಟೆ. ಕೆಳಗಿನಿಂದ ಮೆಟ್ಟಿಲ ಮೇಲೆ ಬೂಟಿನ ಸದ್ದು ಬಂತು. ಅತ್ತೆ ತೊಟ್ಟಿಲಿನ ಒಂದು ಬದಿ ಹಿಡಿದರು, ನಾನು ಇನ್ನೊಂದು ಬದಿ. ಬಂದವರು ನಮ್ಮನ್ನು ವಿಚಿತ್ರವಾಗಿ ನೋಡಿ ಮೆಟ್ಟುಕತ್ತಿಯ ಕಡೆಗೆ ಹೋದರು.

ಹೆರಿಗೆ ನೋವು ಈ ಸಲವೂ ಬಹಳ ಹೊತ್ತು ಇತ್ತು. ಮುಂದಿನದು ನಮ್ಮವರು ಹೇಳಿ ನನಗೆ ಗೊತ್ತು. ಬಾಗಿಲು ತೆರೆದು ಹೊರಗೆ ಬಂದ ಮರಾಠಿ ನರ್ಸು ನಗುತ್ತ "ಮುಲಗಿ ಝಾಲಿ", ಹೆಣ್ಣು ಮಗು, ಎಂದು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಅತ್ತೆಯ ಮುಂದೆ ಹಿಡಿದಳು. ಮಗು ಚೀರಿ ಚೀರಿ ಅಳುತ್ತಿತ್ತು. ಅತ್ತೆ ಕೈ ಚಾಚಲಿಲ್ಲ. ತಮಗೆ ಬರುತ್ತಿದ್ದ ಒಂದೇ ಮರಾಠಿ ಮಾತನ್ನು, ತಾಯಿ ಎಂಬುದನ್ನು, ಹಿಡಿದು "ಆಯಿ? ಆಯಿ?" ಎಂದು ಕೇಳಿದರು. ಇಬ್ಬರೂ ಚೆನ್ನಾಗಿದ್ದಾರೆ ಎಂದು ನರ್ಸು ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ. ಅವಳನ್ನು ಬದಿಗೆ ಸರಿಸಿ ಒಳಗೆ ನುಗ್ಗಿ, ನನ್ನ ಹಣೆ ಮುಟ್ಟಿ, ನಾನು ಕಣ್ಣು ಬಿಟ್ಟದ್ದನ್ನು ನೋಡಿದ ಮೇಲೆಯೇ ತಿರುಗಿ ಮಗುವನ್ನು ಎತ್ತಿಕೊಂಡರು.