ಗಿರಿಜೆಯ ಹಂಚು, ನನ್ನ ಮಲ್ಲಿಗೆ

ನಿನ್ನೆ ಸಂಜೆ ಸೊಸೆ ಒಲೆಯ ಮೇಲೆ ಮೈದಾ ಅಂಟು ಕಾಯಿಸಿದಳು. ಮೊಮ್ಮಗಳಿಗೆ ಶಾಲೆಯಲ್ಲಿ ಕಾಗದದ ನಕ್ಷತ್ರವೊಂದು ಸಿಕ್ಕಿತ್ತು, ಅದನ್ನು ರಟ್ಟಿಗೆ ಅಂಟಿಸಬೇಕಂತೆ. "ಅಜ್ಜೀ, ಇದು ಎಂತಕ್ಕೆ ಸಿಕ್ಕಿದ್ದು ಗೊತ್ತುಂಟಾ? ನಾನು... ನಾನು..." ಎಂದು ಅವಳು ತಡವರಿಸಿದಳು. "ಹೋಮ್‌ವರ್ಕ್ ಮಾಡಿದ್ದಕ್ಕೆ!" ಎಂದುಬಿಟ್ಟೆ. ಮಗು ಮುಖ ಸಣ್ಣದು ಮಾಡಿಕೊಂಡು ಅಂಟಿನ ಬಟ್ಟಲು ಎತ್ತಿಕೊಂಡು ಚಾವಡಿಗೆ ಹೋಯಿತು. ನನ್ನ ನಾಲಿಗೆಯೇ ಹಾಗೆ, ಏನು ಮಾಡಲಿ ಹೇಳಿ! ಎದುರಿನವರ ಮಾತು ಮುಗಿಯುವವರೆಗೆ ಅದಕ್ಕೆ ತಾಳ್ಮೆ ಇಲ್ಲ.

ಆದರೆ ಆ ಹಸಿ ಅಂಟಿನ ವಾಸನೆ ಮಾತ್ರ ನನ್ನನ್ನು ಬಿಡಲಿಲ್ಲ. ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಬಿಕರ್ನಕಟ್ಟೆಯ ಕಡೆ ನಮ್ಮದೊಂದು ಪುಟ್ಟ ಶಾಲೆ, ಅಲ್ಲಿ ರೆಜಿನಾ ಟೀಚರ್. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯವರು. ಬೇರೆ ಶಾಲೆಗಳಲ್ಲಿ ನಾಗರಬೆತ್ತ ಪಾಠ ಕಲಿಸುತ್ತಿದ್ದ ಕಾಲದಲ್ಲಿ ಇವರು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಚಿತ್ರ ಬರೆದು ಗೋಡೆಗೆ ತೂಗುಹಾಕುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಚಿತ್ರ. ದಿನಾ ತಡವಾಗಿ ಬರುವ ಲಿಲ್ಲಿಗೆ ಒಂದು ದೋಣಿ. ಗಂಟೆ ಹೊಡೆಯುವ ಮುಂಚೆ ಬಂದ ದಿನ ಅದು ದಡದ ದಕ್ಕೆಗೆ ಒಂದಿಷ್ಟು ಹತ್ತಿರ. ನನ್ನ ಪಕ್ಕ ಕೂರುವ ಗಿರಿಜೆಗೆ ಮೇಲೆ ಸೂರೇ ಇಲ್ಲದ ಒಂದು ಮನೆ. ಅವಳು ತರಗತಿಯಲ್ಲಿ ಒಂದು ಮಾತು ಆಡಿದರೆ ಆ ಮನೆಗೆ ಕೆಂಪು ಕಾಗದದ ಒಂದು ಹಂಚು. ನನಗೋ, ಬರೀ ಒಂದು ಬಾಳೆನಾರು. ಬಾಯಿ ಮುಚ್ಚಿ ಕೂತರೆ ಅದಕ್ಕೆ ಕಾಗದದ ಒಂದು ಮಲ್ಲಿಗೆ!

ಇದೆಂಥ ನ್ಯಾಯ? ಒಬ್ಬಳಿಗೆ ಮಾತಾಡಿದ್ದಕ್ಕೆ ಬಹುಮಾನ, ಇನ್ನೊಬ್ಬಳಿಗೆ ಮಾತಾಡದ್ದಕ್ಕೆ. ನನಗೆ ಮೈಯೆಲ್ಲ ಉರಿದುಹೋಯಿತು. ವಾರಗಟ್ಟಲೆ ನನ್ನ ನಾರು ಬೋಳಾಗಿಯೇ ನೇತಾಡುತ್ತಿತ್ತು.

ಗಿರಿಜೆ ಪೆದ್ದಿ ಏನಲ್ಲ. ಮನೆಯಲ್ಲಿ ನಮ್ಮಿಬ್ಬರದೂ ತುಳುವೇ. ಒಮ್ಮೆ ಅವಳು ಕನ್ನಡದಲ್ಲಿ ಏನೋ ಹೇಳಿದಾಗ ಎಲ್ಲರೂ ನಕ್ಕಿದ್ದರು. ಆಮೇಲೆ ಅವಳ ಬಾಯಿಗೆ ಬೀಗ ಬಿತ್ತು. ಟೀಚರ್ ಪ್ರಶ್ನೆ ಕೇಳಿದರೆ ಅವಳು ನನ್ನ ಕಿವಿಯಲ್ಲಿ ತುಳುವಿನಲ್ಲಿ ಪಿಸುಗುಟ್ಟುವುದು, ನಾನು ಕನ್ನಡದಲ್ಲಿ ಡಂಗುರ ಹೊಡೆಯುವುದು. ಸ್ನೇಹವೆಂದರೆ ಇದೇ ಎಂದು ನನಗೆ ಭಾರೀ ಜಂಬ.

ಅವಳ ಅಪ್ಪನಿಗೆ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಒಂದು ದಿನ ಶಾಲೆಯ ಬಾಗಿಲಲ್ಲಿ ನಿಂತು, "ಟೀಚರೇ, ಇನ್‌ಸ್ಪೆಕ್ಟ್ರು ಬಂದಾಗ ಇವಳು ಬಾಯಿ ಬಿಟ್ರೆ ಮುಂದಿನ ಕ್ಲಾಸ್. ಇಲ್ಲದಿದ್ರೆ ಶಾಲೆ ಎಂತಕ್ಕೆ? ನನ್ನೊಟ್ಟಿಗೆ ಕಾರ್ಖಾನೆಗೆ ಬರ್ಲಿ" ಎಂದರು. ಗಿರಿಜೆ ನೆಲ ನೋಡುತ್ತ ನಿಂತಿದ್ದಳು. ನನಗೆ ಅವಳಿಲ್ಲದ ಬೆಂಚನ್ನು ನೆನೆಸಿಕೊಳ್ಳಲೂ ಆಗಲಿಲ್ಲ.

ಅವರು ಹೋದ ಮೇಲೆ ಟೀಚರ್ ನನ್ನನ್ನು ಗೋಡೆಯ ಹತ್ತಿರ ಕರೆದು ನಮ್ಮಿಬ್ಬರ ಚಿತ್ರಗಳನ್ನೂ ತೋರಿಸಿದರು. "ಗಿರಿಜೆಗೆ ಇರುವ ಇಷ್ಟು ಹಂಚು ಯಾವಾಗ ಸಿಕ್ಕಿದ್ದು ಹೇಳು ನೋಡುವ?"

ಯೋಚಿಸಿದೆ. ನಾನು ಜ್ವರ ಬಂದು ಮಲಗಿದ್ದಾಗ ಮಾತ್ರ! ನನಗೆ ಮಾತೇ ಹೊರಡಲಿಲ್ಲ. ಆ ಹೊತ್ತಿಗಾದರೂ ಒಂದು ಮಲ್ಲಿಗೆ ಕೊಡಬಹುದಿತ್ತು, ಕೊಡಲಿಲ್ಲ.

ಇನ್‌ಸ್ಪೆಕ್ಟರ್ ಬಂದರು. ಜರಿಯ ರುಮಾಲು, ದಪ್ಪ ಮೀಸೆ. ಗೋಡೆಯ ಚಿತ್ರಗಳನ್ನು ನೋಡುತ್ತ ಮನೆಯ ಮುಂದೆ ನಿಂತು, "ಇದು ಯಾರದು? ಇದರ ವಿಷಯ ಹೇಳಮ್ಮ" ಎಂದರು. ಗಿರಿಜೆ ಎದ್ದಳು. ಎದ್ದವಳು ಬಗ್ಗಿ ನನ್ನ ಕಿವಿಯಲ್ಲಿ, "ಈ ಪಣ್ಲ" ಎಂದಳು. ನೀನೇ ಹೇಳು ಅಂತ. ಅಯ್ಯೋ, ಉತ್ತರ ನನ್ನ ಹಲ್ಲಿನ ಹಿಂದೆಯೇ ಕುಣಿಯುತ್ತಿತ್ತು! ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದೆ. ಅವಳು ನನ್ನ ರಟ್ಟೆ ಚಿವುಟಿದಳು, ಕಣ್ಣಲ್ಲಿ ನೀರು ಬಂತು. ಕಿಟಕಿಯಾಚೆ ಅವಳ ಅಪ್ಪ ಕೆಮ್ಮಣ್ಣು ಮೆತ್ತಿದ ಕೈಗಳನ್ನು ಕಟ್ಟಿಕೊಂಡು ನಿಂತಿದ್ದರು.

"ಇದು... ಮನೆ" ಎಂದಿತು ಒಂದು ಸಣ್ಣ ಸ್ವರ. "ಇದಕ್ಕೆ ಹಂಚು ಹಾಕ್ತಾ ಇದ್ದೇವೆ. ಈ ಬದಿಯಲ್ಲಿ ಇನ್ನೂ ಸೋರ್ತದೆ."

"ನಿಮ್ಮ ಮನೆಗೂ ಹಂಚು ಉಂಟೋ?"

"ಇಲ್ಲ. ನಮ್ಮದಕ್ಕೆ ತೆಂಗಿನ ಮಡಲು. ಹಂಚು ಮಾಡುವುದು ಮಾತ್ರ ನನ್ನ ಅಪ್ಪ. ಊರಿನ ಮನೆಗಳಿಗೆಲ್ಲ."

ಈ ಸಲ ಯಾರೂ ನಗಲಿಲ್ಲ. ಇನ್‌ಸ್ಪೆಕ್ಟರ್ ತಲೆದೂಗಿ ಮುಂದಿನ ತರಗತಿಗೆ ಅವಳ ಹೆಸರು ಬರೆಸಿದರು. ಹೊರಗಿದ್ದ ಅಪ್ಪ, "ಅಬ್ಬಾ ಟೀಚರೇ, ಇವಳಿಗೆ ಬಾಯಿ ಉಂಟಲ್ಲ!" ಎನ್ನುತ್ತ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು. ಬೆವರು ಒರೆಸಿಕೊಂಡದ್ದು ಎಂದು ಆಗ ನಾನು ತಿಳಿದಿದ್ದೆ.

ಸಂಜೆ ಟೀಚರ್ ಆ ಮನೆಗೆ ಒಂದು ಹಂಚು ಅಂಟಿಸಿ, ಉಳಿದ ಅಂಟನ್ನು ಬೆರಳಲ್ಲಿ ಬಳಿದು ನನ್ನ ನಾರಿಗೆ ಒಂದು ಮಲ್ಲಿಗೆ ಹಚ್ಚಿದರು. "ಇವತ್ತು ನೀನು ಮಾಡಿದ್ದು ಅವಳಷ್ಟೇ ಕಷ್ಟದ ಕೆಲಸ ಮಗಾ" ಎಂದರು. ಆಮೇಲೆ ನನಗೆ ಎಷ್ಟೋ ಹೊಗಳಿಕೆ ಸಿಕ್ಕಿದೆ, ಎಲ್ಲ ಮಾತಾಡಿದ್ದಕ್ಕೇ. ಮನಸ್ಸಿನಲ್ಲಿ ಉಳಿದದ್ದು ಆ ಕಾಗದದ ಹೂ.

ಇಷ್ಟೆಲ್ಲ ನೆನಪಾದ ಮೇಲೆ ಎದ್ದು ಚಾವಡಿಗೆ ಹೋದೆ. ಮೊಮ್ಮಗಳು ನಕ್ಷತ್ರವನ್ನು ಇನ್ನೂ ಅಂಟಿಸಿರಲಿಲ್ಲ. "ಎಂತಕ್ಕೆ ಸಿಕ್ಕಿದ್ದು, ಹೇಳು" ಎಂದು ಕೇಳಿ ತುಟಿ ಕಚ್ಚಿಕೊಂಡೆ. ಅವಳು ನನ್ನನ್ನು ಅನುಮಾನದಿಂದಲೇ ನೋಡಿದಳು.

"ಹೋಮ್‌ವರ್ಕಿಗಲ್ಲ ಅಜ್ಜಿ. ನಮ್ಮ ಕ್ಲಾಸಿನ ಶಾಲಿನಿ ಅಳ್ತಾ ಇದ್ದಳು. ನಾನು... ನಾನು ಅವಳ ಹತ್ತಿರ ಹೋಗಿ ಸುಮ್ಮನೆ ಕೂತೆ."

ಏನೋ ಹೇಳಲು ಬಾಯಿ ತೆರೆದೆ. ಮತ್ತೆ ಮುಚ್ಚಿಕೊಂಡು, ಅಂಟಿನ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಅವಳ ಪಕ್ಕ ಕೂತೆ.